ಮಳೆ ಶುರುವಾದ ಮೇಲೆ ಬೀಜದ ಕಾಫಿ ಹದ ತಪ್ಪಿದೆ, ಯಾರಾದರೂ ದಾರಿ ಹೇಳಿ

ಕೋಡಿಬಾಗ ಅಕ್ಕೋರು · ಜುಲೈ 2, ಬೆಳಗ್ಗೆ 7:10

ಎಲ್ಲರಿಗೂ ನಮಸ್ಕಾರ. ನನ್ನ ತವರು ಶಿರಸಿ ಹತ್ತಿರ, ಈಗ ಇರುವುದು ಕಾರವಾರದಲ್ಲಿ. ಇಲ್ಲಿ ನಮ್ಮ ಅಕ್ಕಪಕ್ಕದ ಮನೆಗಳಲ್ಲೆಲ್ಲ ಚಾ. ನಮ್ಮ ಮನೆಯಲ್ಲಿ ಮಾತ್ರ ಬೆಳಗ್ಗೆ ಒಂದು ಲೋಟ ಫಿಲ್ಟರ್ ಕಾಫಿ ಆಗದೆ ಒಲೆಗೆ ಬೇರೆ ಪಾತ್ರೆ ಏರುವುದಿಲ್ಲ. ಇಷ್ಟು ವರ್ಷ ಅಂಗಡಿ ಪುಡಿಯನ್ನೇ ತರುತ್ತಿದ್ದೆ. ಈ ಸಲ ಏಪ್ರಿಲ್ ರಜೆಯಲ್ಲಿ ಹುರಿದ ಬೀಜ ಒಂದು ಕೆಜಿ ತಂದೆ. ದಿನಾ ಬೇಕಾದಷ್ಟೇ ಮಿಕ್ಸಿಗೆ ಹಾಕಿಕೊಳ್ಳುವುದು. ಮೊದಲ ತಿಂಗಳು ಏನು ಚೆನ್ನಾಗಿತ್ತು ಅಂತೀರಿ! ಮುಚ್ಚಳ ತೆಗೆದರೆ ಪಡಸಾಲೆಯಲ್ಲಿ ಕೂತವರು ತಿರುಗಿ ನೋಡುತ್ತಿದ್ದರು.

ಜೂನ್ ಹತ್ತರ ನಂತರ ಎಲ್ಲ ಕೆಟ್ಟಿತು. ಐದೂವರೆಗೆ ಫಿಲ್ಟರ್‌ಗೆ ನೀರು ಹಾಕಿದರೆ ಆರೂವರೆಗೂ ಕೆಳಗೆ ನಾಲ್ಕು ಚಮಚ ಡಿಕಾಕ್ಷನ್ ಇಲ್ಲ. ಬಂದಷ್ಟೂ ಕಹಿ, ನಾಲಿಗೆಗೆ ಹಿಡಿದುಕೊಳ್ಳುವ ಕಹಿ. ಸರಿ, ಪುಡಿ ದಪ್ಪ ಮಾಡೋಣ ಅಂತ ಮಿಕ್ಸಿ ಬೇಗ ನಿಲ್ಲಿಸಿದರೆ ನೀರು ಹಾಕಿದಷ್ಟೇ ವೇಗದಲ್ಲಿ ಕೆಳಗಿಳಿದು ಕೆಂಪು ನೀರು. ಪರಿಮಳವಂತೂ ಹೋಗೇ ಹೋಯಿತು. ಮೂರು ಚಮಚ ಪುಡಿ, ಕುದಿಯುವ ನೀರು, ಚೆನ್ನಾಗಿ ಒತ್ತುತ್ತೇನೆ. ಅಮ್ಮ ಮಾಡುತ್ತಿದ್ದದ್ದೂ ಹೀಗೇ. ತಪ್ಪು ಎಲ್ಲಿ?

ಅಂಕೋಲೆ ಹುಡುಗ · ಜುಲೈ 2, ಬೆಳಗ್ಗೆ 8:02

ಅಕ್ಕೋರೆ, ನಾಲ್ಕು ವಿಷಯ ಹೇಳಿ. ಬೀಜ ಹುರಿದದ್ದು ಯಾವತ್ತು? ಈಗ ಯಾವುದರಲ್ಲಿ, ಎಲ್ಲಿ ಇಟ್ಟಿದ್ದೀರಿ? ಮಿಕ್ಸಿ ಎಷ್ಟು ಹೊತ್ತು ತಿರುಗಿಸುತ್ತೀರಿ? ಯಾವ ಜಾರ್?

ಕೋಡಿಬಾಗ ಅಕ್ಕೋರು · ಜುಲೈ 2, ಸಂಜೆ 5:45

ಈಗಷ್ಟೇ ಶಾಲೆಯಿಂದ ಬಂದೆ. ಹುರಿದ ದಿನ ಪೊಟ್ಟಣದ ಮೇಲೆ ಇರಲಿಲ್ಲ. ಕೇಳಿದಾಗ ಅಂಗಡಿಯವರು "ತಾಜಾ ಇದೆ" ಅಂದರು, ಅಷ್ಟೇ. ಸ್ಟೀಲ್ ಡಬ್ಬಿಯಲ್ಲಿದೆ. ಒಲೆಯ ಮೇಲಿನ ಹಲಗೆಯಲ್ಲಿ, ಬೆಚ್ಚಗಿರಲಿ ಅಂತ. ಜಾರ್ ಮಸಾಲೆಯದ್ದೇ, ದೊಡ್ಡದು. ಒಂದೇ ಸಲಕ್ಕೆ ನಲವತ್ತು ಸೆಕೆಂಡ್ ತಿರುಗಿಸುತ್ತೇನೆ. ದಪ್ಪ ಬೇಕಾದ ದಿನ ಹದಿನೈದು.

ಅಂಕೋಲೆ ಹುಡುಗ · ಜುಲೈ 2, ರಾತ್ರಿ 9:20

ನಿಮ್ಮಲ್ಲಿ ಎರಡು ತೊಂದರೆ ಒಟ್ಟಿಗೆ ಸೇರಿಕೊಂಡಿವೆ. ಅದಕ್ಕೇ ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಎದ್ದು ಕಾಣುತ್ತಿದೆ. ಒಂದು ಪುಡಿಯ ಹದ, ಇನ್ನೊಂದು ಬೀಜ ಹಳತಾಗಿರುವುದು. ಮೊದಲು ಪುಡಿಯ ವಿಷಯ ಹೇಳುತ್ತೇನೆ.

ಮಿಕ್ಸಿಯ ಬ್ಲೇಡ್ ಬೀಜವನ್ನು ಅರೆಯುವುದಿಲ್ಲ, ಹೊಡೆದು ಚೂರು ಮಾಡುತ್ತದೆ. ಕೆಳಗೆ ಸಿಕ್ಕಿದ್ದು ಧೂಳಾಗುತ್ತದೆ, ಮೇಲೆ ಹಾರಿದ್ದು ಅರ್ಧ ಬೀಜವಾಗಿ ಉಳಿಯುತ್ತದೆ. ಧೂಳಿನಿಂದ ಕಹಿ ಪೂರ್ತಿ ಇಳಿಯುತ್ತದೆ, ಚೂರಿನಿಂದ ರುಚಿ ಹೊರಗೇ ಬರುವುದಿಲ್ಲ. ಒಂದೇ ಲೋಟದಲ್ಲಿ ಎರಡೂ ಇರುತ್ತದೆ. ಆ ಧೂಳೇ ಫಿಲ್ಟರ್ ತೂತಿಗೆ ಕೂತು ನೀರು ತಡೆಯುತ್ತದೆ. ಮೇಲಿಂದ ನೀವು ಒತ್ತುತ್ತೀರಿ, ಅಲ್ವಾ? ಕೆಸರು ಮೆತ್ತಿದ ಹಾಗೆ ಆಗುತ್ತದೆ.

ಹೀಗೆ ಮಾಡಿ ನೋಡಿ. ಚಟ್ನಿ ಮಾಡುವ ಸಣ್ಣ ಜಾರ್ ತೆಗೆದುಕೊಳ್ಳಿ. ಒಂದು ಚಮಚ ಹಸಿ ಅಕ್ಕಿ ಹಾಕಿ ತಿರುಗಿಸಿ ಚೆಲ್ಲಿ, ಮಸಾಲೆ ವಾಸನೆ ಅದರ ಜೊತೆ ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ. ಆಮೇಲೆ 25 ಗ್ರಾಂ ಬೀಜ. ಎರಡು ಮೂರು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರ್ ಎತ್ತಿ ಒಮ್ಮೆ ಕುಲುಕಿ, ಮತ್ತೆ ತಿರುಗಿಸಿ. ಏಳೆಂಟು ಸಲ ಸಾಕು. ನಿಲ್ಲಿಸದೆ ತಿರುಗಿಸಿದರೆ ಜಾರ್ ಬಿಸಿಯಾಗಿ ಪರಿಮಳ ಅಲ್ಲೇ ಹಾರುತ್ತದೆ. ಬೆರಳಲ್ಲಿ ಹಿಡಿದು ಉಜ್ಜಿ ನೋಡಿ. ಚಿರೋಟಿ ರವೆಗಿಂತ ಒಂಚೂರು ದಪ್ಪ ಇದ್ದರೆ ನಮ್ಮ ಸ್ಟೀಲ್ ಫಿಲ್ಟರ್‌ಗೆ ಸರಿ. ಮೈದಾ ಥರ ಬೆರಳಿಗೆ ಮೆತ್ತಿಕೊಂಡರೆ ಜಾಸ್ತಿ ಆಯಿತು.

ಒತ್ತುವುದು ಬೇಡವೇ ಬೇಡ. ಪುಡಿ ಹಾಕಿ ಪಾತ್ರೆಯ ಬದಿಗೆ ಎರಡು ಸಲ ತಟ್ಟಿ ಸಮ ಮಾಡಿ. ಕೊಡೆಯಂಥ ತಟ್ಟೆಯನ್ನು ಸುಮ್ನೆ ಮೇಲೆ ಇಡಿ.

ಹೊನ್ನಾವರ ಅಡುಗೆಮನೆ · ಜುಲೈ 3, ಬೆಳಗ್ಗೆ 6:30

ಅಕ್ಕೋರೆ, ಎಲ್ಲದಕ್ಕಿಂತ ಮೊದಲು ಫಿಲ್ಟರ್‌ನ ಮೇಲಿನ ಪಾತ್ರೆ ಬೆಳಕಿಗೆ ಹಿಡಿದು ನೋಡಿ. ಎಲ್ಲಾ ತೂತಲ್ಲೂ ಬೆಳಕು ಕಾಣಬೇಕು. ನಮ್ಮ ಮನೆಯದ್ದು ವರ್ಷಕ್ಕೆ ಎರಡು ಸಲ ಕಟ್ಟುತ್ತದೆ. ಪಾತ್ರೆಯ ತಳವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಸ್ವಲ್ಪ ಹೊತ್ತು ತೋರಿಸುತ್ತೇನೆ. ಒಳಗೆ ಕೂತ ಪುಡಿ ಸುಟ್ಟು ಹೋಗುತ್ತದೆ. ತಣಿದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಸತರ ಹಾಗೆ.

ಫಿಲ್ಟರ್ ಕೈಕೊಟ್ಟ ದಿನ ನಮ್ಮಲ್ಲಿ ಬಟ್ಟೆ ಕಾಫಿ. ನನ್ನ ಅಜ್ಜಿಯ ಕಾಲದಿಂದ ಬಂದದ್ದು. ನೀರು ಕುದಿಸಿ ಒಲೆ ಆರಿಸಿ, ಪುಡಿ ಹಾಕಿ, ಒಂದೇ ಸಲ ಕಲಸಿ ಮುಚ್ಚುವುದು. ನಾಲ್ಕೈದು ನಿಮಿಷಕ್ಕೆ ಪುಡಿ ತಳಕ್ಕೆ ಕೂರುತ್ತದೆ. ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ, ಹಿಂಡದೆ. ಹಿಂಡಿದರೆ ಕಹಿ. ಇದಕ್ಕೆ ಪುಡಿ ಇಡ್ಲಿ ರವೆಯಷ್ಟು ದಪ್ಪ ಇದ್ದರೂ ನಡೆಯುತ್ತದೆ. ಆ ಬಟ್ಟೆಗೆ ಸೋಪು ಮಾತ್ರ ಮುಟ್ಟಿಸಬೇಡಿ, ಬಿಸಿನೀರಲ್ಲಿ ಜಾಲಿಸಿ ಗಾಳಿಗೆ ಒಣಗಿಸಿ.

ಸಕ್ಕರೆ ಬದಲು ಜೋನಿ ಬೆಲ್ಲ ಹಾಕುವವರಿದ್ದರೆ ಹಾಲು ಒಲೆಯಿಂದ ಇಳಿಸಿದ ಮೇಲೆ ಹಾಕಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ.

ಶಿರಸಿ ತೋಟದ ಮನೆ · ಜುಲೈ 3, ಮಧ್ಯಾಹ್ನ 1:15

ಊಟ ಮುಗಿಸಿ ಕೂತು ಎಲ್ಲ ಓದಿದೆ. ನಮ್ಮದು ಅಡಿಕೆ ತೋಟ. ನಡುವೆ ಮೆಣಸು, ಬಾಳೆ, ಏಲಕ್ಕಿ ಮೊದಲಿಂದ ಇತ್ತು. ಎಂಟು ವರ್ಷದ ಹಿಂದೆ ರೋಬಸ್ಟಾ ಕಾಫಿ ಗಿಡವನ್ನೂ ನೆಟ್ಟೆ. ಶಿರಸಿ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರ. ಕಾಫಿಯ ಇನ್ನೊಂದು ಜಾತಿ ಅರೇಬಿಕಾಕ್ಕೆ 1000 ಮೀಟರ್ ಮೇಲೆ ಬೇಕು, ನಮಗೆ ರೋಬಸ್ಟಾ ಹೊಂದುತ್ತದೆ.

ಅಕ್ಕೋರೆ, ಬೀಜ ಇಟ್ಟ ಜಾಗವೇ ತಪ್ಪು. ಒಲೆಯ ಮೇಲಿನ ಹಲಗೆಯಲ್ಲಿ ಅಕ್ಕಿ ಹಪ್ಪಳ, ಹಲಸಿನ ಹಪ್ಪಳ ಇಡಬಹುದು. ಹುರಿದ ಕಾಫಿ ಬೀಜ ಇಡಬಾರದು. ಅನ್ನದ ಹಬೆ ಮೇಲೇಳುವ ಜಾಗ ಅದು. ಬಿಸಿಗೆ ಬೀಜದ ಎಣ್ಣೆ ಹೊರಗೆ ಬರುತ್ತದೆ, ಗಾಳಿ ತಾಗಿ ಹಳಸಲು ವಾಸನೆ ಶುರುವಾಗುತ್ತದೆ. ಹುರಿದ ಬೀಜದಲ್ಲಿ ನೀರಿನಂಶ ಇಲ್ಲ ಅಂದರೂ ನಡೆಯುತ್ತದೆ. ಅದಕ್ಕೇ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕಾರವಾರದ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಕಾಫಿ ಬೀಜ ಉಳಿದೀತೇ?

ಒಂದು ಬೀಜ ಹಲ್ಲಿಗೆ ಹಾಕಿ ನೋಡಿ. ಕಟಂ ಅಂತ ಮುರಿಯಬೇಕು. ಅಗಿದಾಗ ಮೆತ್ತಗೆ, ಹಳೇ ಶೇಂಗಾ ಥರ ಅನ್ನಿಸಿದರೆ ತೇವ ಕುಡಿದಿದೆ. ಅಂಥ ಬೀಜ ಮಿಕ್ಸಿಯಲ್ಲೂ ಸರಿಯಾಗಿ ಒಡೆಯುವುದಿಲ್ಲ. ಏಪ್ರಿಲ್‌ನಲ್ಲಿ ಸರಿ ಇದ್ದ ನಿಮ್ಮ ನಲವತ್ತು ಸೆಕೆಂಡ್ ಜೂನ್‌ನಲ್ಲಿ ಯಾಕೆ ತಪ್ಪಿತು ಅನ್ನುವುದಕ್ಕೆ ಇದೂ ಒಂದು ಕಾರಣ.

ಹೊನ್ನಾವರ ಅಡುಗೆಮನೆ · ಜುಲೈ 3, ಸಂಜೆ 4:50

ಅಣ್ಣ, ಒಂದು ಸಂಶಯ. ಮಾನ್ಸೂನ್ಡ್ ಮಲಬಾರ್ ಅಂತ ಕಾಫಿ ಇದೆಯಲ್ಲ, ಮಂಗಳೂರು ಕಡೆ ಬೇಕಂತಲೇ ಮಳೆಗಾಲದ ಗಾಳಿಗೆ ಹರಡುತ್ತಾರೆ. ಹೊರದೇಶದಲ್ಲಿ ಅದಕ್ಕೆ ಒಳ್ಳೆ ಬೆಲೆ ಅಂತ ಕೇಳಿದ್ದೇನೆ. ತೇವ ಅಷ್ಟು ಕೆಟ್ಟದ್ದಾದರೆ ಅದು ಹೇಗೆ?

ಶಿರಸಿ ತೋಟದ ಮನೆ · ಜುಲೈ 3, ರಾತ್ರಿ 8:05

ಒಳ್ಳೆ ಪ್ರಶ್ನೆ ತಂಗಿ. ಅದು ಹುರಿಯದ ಬೀಜ. ಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾ ಸುತ್ತಿ ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ದಾರಿಯಲ್ಲಿ ಸಮುದ್ರದ ತೇವಕ್ಕೆ ಬೀಜ ಊದಿ ಹಳದಿ ತಿರುಗುತ್ತಿತ್ತು, ಹುಳಿ ಕಡಿಮೆಯಾಗುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಅಭ್ಯಾಸವಾಯಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂದವು, ಪ್ರಯಾಣ ಚಿಕ್ಕದಾಯಿತು. ಬೀಜ ಹಸಿರಾಗಿಯೇ ಹೋಗತೊಡಗಿತು. ಹಳೇ ರುಚಿ ಬೇಕು ಅಂದವರಿಗಾಗಿ ಕರಾವಳಿಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಜವನ್ನು ಹರಡಿ, ಕೈಯಾಡಿಸಿ, ಚೀಲಕ್ಕೆ ತುಂಬಿ, ಮತ್ತೆ ಸುರಿದು ಮಾಡುವ ಕೆಲಸ ಅದು. ಬೂಸಲು ಬರದ ಹಾಗೆ ದಿನಾ ನೋಡಿಕೊಳ್ಳಬೇಕು. ಅದೆಲ್ಲ ಮುಗಿದ ಮೇಲೆ ಹುರಿಯುವುದು.

ಹುರಿಯುವ ಮೊದಲು ತೇವ ಬೇರೆ, ಹುರಿದ ಮೇಲೆ ತೇವ ಬೇರೆ. ಹಪ್ಪಳದ ಹಿಟ್ಟಿಗೆ ನೀರು ಬೇಕು, ಕರಿದ ಹಪ್ಪಳಕ್ಕೆ ನೀರು ತಾಗಬಾರದು, ಅಷ್ಟೇ.

ಹುಬ್ಬಳ್ಳಿಯ ಯಲ್ಲಾಪುರದವ · ಜುಲೈ 4, ಬೆಳಗ್ಗೆ 10:30

ನಾನು ಹದಿನಾಲ್ಕು ವರ್ಷ ಕಾಫಿಪುಡಿ ಅಂಗಡಿಯಲ್ಲಿ ಕೆಲಸ ಮಾಡಿದವ. ಇಲ್ಲಿ ಇನ್ನೂ ಯಾರೂ ಹೇಳದ ಒಂದು ಮಾತಿದೆ, ಅದು ಚಿಕೋರಿ.

ಅಕ್ಕೋರೆ, ಇಷ್ಟು ವರ್ಷ ನೀವು ತರುತ್ತಿದ್ದ ಪುಡಿಯಲ್ಲಿ ಚಿಕೋರಿ ಇದ್ದಿರಬೇಕು. ನೀವು ಕೆಂಪು ನೀರು ಅಂದಿರಲ್ಲ, ಅದರಲ್ಲಿ ಅರ್ಧ ದೂರು ಬಣ್ಣದ ಮೇಲೆ. ಚಿಕೋರಿ ಅಂದರೆ ಒಂದು ಗಿಡದ ಬೇರು, ಒಣಗಿಸಿ ಹುರಿದು ಪುಡಿ ಮಾಡಿದ್ದು. ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಆದರೆ ನೀರಿಗೆ ಬಿದ್ದ ಕೂಡಲೇ ಕರಗಿ ಡಿಕಾಕ್ಷನ್ ಕಪ್ಪಗೆ, ಮಂದ ಮಾಡುತ್ತದೆ. ನೀರನ್ನೂ ಸ್ವಲ್ಪ ತಡೆದು ನಿಧಾನಕ್ಕೆ ಇಳಿಸುತ್ತದೆ. ಬರೀ ಬೀಜದ ಡಿಕಾಕ್ಷನ್ ಎಷ್ಟೇ ಚೆನ್ನಾಗಿ ಬಂದರೂ ಅದಕ್ಕಿಂತ ತೆಳುವಾಗಿ, ಕೆಂಪಾಗಿ ಕಾಣುತ್ತದೆ. ಬಣ್ಣ ನೋಡಿ ಹೆದರಬೇಡಿ. ಒಂದು ಚಮಚ ಹಾಗೇ ಬಾಯಿಗೆ ಹಾಕಿ ತೀರ್ಮಾನ ಮಾಡಿ.

ಮಿಶ್ರಣದ ಪುಡಿಯಲ್ಲಿ ಕಾಫಿ ಕಡಿಮೆ ಅಂದರೂ ನೂರಕ್ಕೆ 51 ಇರಬೇಕು ಅಂತ ಕಾನೂನು. ಎಷ್ಟು ಕಾಫಿ, ಎಷ್ಟು ಚಿಕೋರಿ ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ. ಹಳೇ ಪೊಟ್ಟಣ ಮನೆಯಲ್ಲಿದ್ದರೆ ತಿರುಗಿಸಿ ಓದಿ. ಆ ಮಂದ ಬೇಕೇ ಬೇಕು ಅನ್ನಿಸಿದರೆ ಚಿಕೋರಿ ಪುಡಿ ಬೇರೆ ತಂದು ಹತ್ತರಲ್ಲಿ ಒಂದು ಭಾಗ ಸೇರಿಸಿ. ಅದನ್ನಂತೂ ಮಳೆಗಾಲದಲ್ಲಿ ಬಿಗಿ ಬಾಟಲಿಯಲ್ಲೇ ಇಡಬೇಕು. ಒಂದು ರಾತ್ರಿ ತೆರೆದಿಟ್ಟರೆ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗುತ್ತದೆ.

ಇನ್ನೊಂದು ಮಾತು. ಹುರಿದ ದಿನ ಬರೆಯದ ಬೀಜ ತರಬೇಡಿ. "ತಾಜಾ" ಅನ್ನುವುದು ದಿನಾಂಕವಲ್ಲ.

ಕುಮಟಾ ಪೇಟೆ · ಜುಲೈ 4, ಮಧ್ಯಾಹ್ನ 3:00

ನಡುವೆ ಬಂದೆ, ಕ್ಷಮಿಸಿ. ನನಗೆ ಸಂಜೆ ಕಾಫಿ ಕುಡಿದರೆ ರಾತ್ರಿ ನಿದ್ದೆ ಇಲ್ಲ. ಬೀಜ ಬದಲಿಸಿದರೆ ಏನಾದರೂ ಉಪಯೋಗ ಇದೆಯಾ?

ಹುಬ್ಬಳ್ಳಿಯ ಯಲ್ಲಾಪುರದವ · ಜುಲೈ 4, ಸಂಜೆ 6:10

ಇದೆ ಸರ್. ರೋಬಸ್ಟಾದಲ್ಲಿ ಕೆಫೀನ್ ನೂರಕ್ಕೆ ಎರಡರ ಮೇಲೆ, ಅರೇಬಿಕಾದಲ್ಲಿ ಸುಮಾರು 1.2. ಹೆಚ್ಚುಕಡಿಮೆ ಅರ್ಧ. ಅಂಗಡಿಯಲ್ಲಿ "ಪ್ಲಾಂಟೇಷನ್ ಎ" ಅಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ. "ರೋಬಸ್ಟಾ ಚೆರ್ರಿ" ಅಂದರೆ ಹಣ್ಣನ್ನು ಹಾಗೇ ಒಣಗಿಸಿದ್ದು. "ಪೀಬೆರಿ" ಜಾತಿಯ ಹೆಸರಲ್ಲ, ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ ಬೆಳೆದದ್ದು. ಅರೇಬಿಕಾದಲ್ಲೂ ಬರುತ್ತದೆ, ರೋಬಸ್ಟಾದಲ್ಲೂ ಬರುತ್ತದೆ. ಆದರೂ ಸಂಜೆ ಐದರ ಮೇಲೆ ಬಿಟ್ಟರೆ ಒಳ್ಳೆಯದು.

ಕೋಡಿಬಾಗ ಅಕ್ಕೋರು · ಜುಲೈ 6, ಬೆಳಗ್ಗೆ 9:40

ಭಾನುವಾರ ಅಂತ ನಿಧಾನಕ್ಕೆ ಎಲ್ಲ ಮಾಡಿ ನೋಡಿದೆ. ಮಗಳು ಕೇಕ್ ಮಾಡಲು ತಂದಿಟ್ಟ ತೂಕದ ಯಂತ್ರ ಉಪಯೋಗಕ್ಕೆ ಬಂತು.

ಬೀಜ ಹಲ್ಲಿಗೆ ಹಾಕಿದೆ. ತೋಟದ ಮನೆ ಅಣ್ಣ ಹೇಳಿದ್ದು ನಿಜ, ಹಳೇ ಶೇಂಗಾನೇ. ಫಿಲ್ಟರ್ ಬೆಳಕಿಗೆ ಹಿಡಿದರೆ ಒಂದು ಬದಿಯ ತೂತೆಲ್ಲ ಮುಚ್ಚಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ.

ಸಣ್ಣ ಜಾರ್‌ನಲ್ಲಿ 25 ಗ್ರಾಂ. ಎಂಟು ಸಲ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದೆ. ಪುಡಿಯನ್ನು ಪೇಪರ್ ಮೇಲೆ ಹರಡಿ ಕಿಟಕಿ ಬೆಳಕಲ್ಲಿ ನೋಡಿದೆ. ಇಷ್ಟು ದಿನ ನಾನು ಪುಡಿಯನ್ನು ನೋಡಿಯೇ ಇರಲಿಲ್ಲ! ನಡುನಡುವೆ ಸಾಸಿವೆ ಗಾತ್ರದ ಚೂರು, ಅಂಚಿನಲ್ಲಿ ಕಂದು ಧೂಳು. ಚಹಾ ಸೋಸುವ ಜರಡಿಯಲ್ಲಿ ಆಡಿಸಿ ಮೇಲೆ ಉಳಿದ ಚೂರನ್ನು ಮತ್ತೆ ಎರಡು ಸಲ ತಿರುಗಿಸಿದೆ. ನೀರು 150 ಮಿಲಿ. ಒತ್ತಲಿಲ್ಲ. ಹದಿನೆಂಟು ನಿಮಿಷಕ್ಕೆ 100 ಮಿಲಿ ಡಿಕಾಕ್ಷನ್ ಇಳಿದಿತ್ತು.

ಇಳಿಯುವುದು ಸರಿಯಾಯಿತು. ಆ ಹಿಡಿದುಕೊಳ್ಳುವ ಕಹಿಯೂ ಹೋಯಿತು. ಆದರೆ ರುಚಿ ಸಪ್ಪೆ. ಒಣ ಕಟ್ಟಿಗೆ ನೆನೆಸಿದ ನೀರಿನ ಹಾಗೆ. 50 ಮಿಲಿ ನೀರು ಎಲ್ಲಿ ಹೋಯಿತು ಅಂತಲೂ ಗೊತ್ತಾಗಲಿಲ್ಲ.

ಅಂಕೋಲೆ ಹುಡುಗ · ಜುಲೈ 6, ಬೆಳಗ್ಗೆ 10:15

50 ಮಿಲಿ ಪುಡಿಯೊಳಗೇ ಉಳಿಯಿತು ಅಕ್ಕೋರೆ. ಕಾಫಿಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಲೆಕ್ಕ ಸರಿಯಾಗಿದೆ.

ಈಗ ಎರಡೂ ತೊಂದರೆ ಬೇರೆ ಬೇರೆಯಾಗಿ ಕಂಡವು ನೋಡಿ. ಹದ ನಿಮ್ಮ ಕೈಯಲ್ಲಿತ್ತು, ಅದು ಸರಿಯಾಯಿತು. ಹಳೇ ಬೀಜ ಯಾರ ಕೈಯಲ್ಲೂ ಸರಿಯಾಗುವುದಿಲ್ಲ. ಸಾಬೀತಿಗೆ ಒಂದು ಪರೀಕ್ಷೆ ಇದೆ. ಪುಡಿ ಹಾಕಿದ ಮೇಲೆ ಎಲ್ಲ ನೀರು ಒಟ್ಟಿಗೆ ಸುರಿಯಬೇಡಿ. ಮೊದಲು 50 ಮಿಲಿ, ಪುಡಿ ಒದ್ದೆಯಾಗುವಷ್ಟು. ಅರ್ಧ ನಿಮಿಷ ನೋಡಿ. ಹುರಿಯುವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಬಿಸಿನೀರು ತಾಗಿದಾಗ ಅದು ಹೊರಗೆ ನುಗ್ಗಿ ಪುಡಿ ಉಬ್ಬುತ್ತದೆ. ಬೀಜ ಹಳತಾದರೆ ಅನಿಲ ಆಗಲೇ ಹೋಗಿರುತ್ತದೆ. ಹುರಿದ ನಾಲ್ಕೈದು ದಿನದಿಂದ ಒಂದು ತಿಂಗಳ ತನಕ ಒಳ್ಳೆಯ ಕಾಲ. ಹುರಿದ ದಿನವೇ ಮಾಡಿದರೂ ಸರಿಯಾಗುವುದಿಲ್ಲ, ಅನಿಲ ಜಾಸ್ತಿ ಇದ್ದು ನೀರನ್ನೇ ದೂಡುತ್ತದೆ.

ಹಾಗೇ, ಕುದಿಯುವ ನೀರು ನೇರ ಹಾಕಬೇಡಿ. ಒಲೆ ಆರಿಸಿ ಒಂದು ನಿಮಿಷ ಬಿಡಿ. 90ರಿಂದ 95 ಡಿಗ್ರಿ ಸಾಕು.

ಶಿರಸಿ ತೋಟದ ಮನೆ · ಜುಲೈ 6, ಮಧ್ಯಾಹ್ನ 12:40

ತಮ್ಮಾ, ಇಲ್ಲಿ ಒಂದು ಸಣ್ಣ ತಿದ್ದುಪಡಿ. ಒಂದು ನಿಮಿಷ ಅನ್ನುವುದು ನಿಮ್ಮ ಕರಾವಳಿಗೆ. ಘಟ್ಟದ ಮೇಲೆ ನಮ್ಮಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಮಳೆಗಾಲದ ಚಳಿಗೆ ಸ್ಟೀಲ್ ಪಾತ್ರೆ ಬೇರೆ ತಣ್ಣಗಿರುತ್ತದೆ. ನಾನು ಇಳಿಸಿದ ಕೂಡಲೇ ಹಾಕುತ್ತೇನೆ, ಮೊದಲು ಫಿಲ್ಟರ್‌ಗೆ ಬಿಸಿನೀರು ಹಾಕಿ ಚೆಲ್ಲಿರುತ್ತೇನೆ. ಹುರಿತ ಕಪ್ಪಾಗಿದ್ದರೆ ಮಾತ್ರ ಕಾಯಿರಿ, ಕಪ್ಪು ಹುರಿತಕ್ಕೆ ಬಿಸಿ ಹೆಚ್ಚಾದರೆ ಸುಟ್ಟ ಕಹಿ ಬರುತ್ತದೆ.

ಅಂಕೋಲೆ ಹುಡುಗ · ಜುಲೈ 6, ಮಧ್ಯಾಹ್ನ 2:20

ಒಪ್ಪಿದೆ ಅಣ್ಣ, ನಾನು ನನ್ನ ಮನೆಯ ಲೆಕ್ಕ ಹೇಳಿದೆ. ನೀರಿನ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಏಪ್ರಿಲ್, ಮೇ ಬಂದರೆ ಬಾವಿ ನೀರು ಸ್ವಲ್ಪ ಉಪ್ಪು ತಿರುಗುತ್ತದೆ. ಕುಡಿಯುವಾಗ ಅಷ್ಟು ಗೊತ್ತಾಗುವುದಿಲ್ಲ, ಕಾಫಿಯಲ್ಲಿ ಗೊತ್ತಾಗುತ್ತದೆ. ಆ ಎರಡು ತಿಂಗಳು ನಲ್ಲಿ ನೀರು ತರುತ್ತೇನೆ. ಆರ್‌ಒ ಯಂತ್ರದ ನೀರಲ್ಲಿ ಮಾಡಿದರೆ ಕಾಫಿ ಚಪ್ಪಟೆ, ಖನಿಜ ಬಹುಪಾಲು ತೆಗೆದುಬಿಡುತ್ತದೆ. ಚಿರೆಕಲ್ಲಿನ ಬಾವಿಯ ಸಿಹಿನೀರು ಇದ್ದವರು ಪುಣ್ಯವಂತರು.

ಹೊನ್ನಾವರ ಅಡುಗೆಮನೆ · ಜುಲೈ 6, ಸಂಜೆ 7:00

ಇಷ್ಟೆಲ್ಲ ಮಾಡುವ ಬದಲು ಒಂದು ಗ್ರೈಂಡರ್ ತಂದರೆ ಆಗುವುದಿಲ್ಲವಾ? ಮಗ ಕೈಯಲ್ಲಿ ತಿರುಗಿಸುವುದು ಒಂದು ತರುತ್ತೇನೆ ಅನ್ನುತ್ತಿದ್ದಾನೆ.

ಅಂಕೋಲೆ ಹುಡುಗ · ಜುಲೈ 6, ರಾತ್ರಿ 8:30

ತಂದರೆ ತುಂಬ ಒಳ್ಳೆಯದು. ನನ್ನ ಹತ್ತಿರ ಅದೇ ಇದೆ. ಬರ್ ಗ್ರೈಂಡರ್ ಅನ್ನುತ್ತಾರೆ. ಎರಡು ಹಲ್ಲಿನ ಚಕ್ರದ ನಡುವೆ ಬೀಜ ಹಾದು ಬರುತ್ತದೆ, ಬೀಸುವ ಕಲ್ಲಿನ ಹಾಗೆ. ನಡುವಿನ ಸಂದು ಎಷ್ಟೋ ಪುಡಿಯೂ ಅಷ್ಟೇ. ಖರ್ಚು ಮಾಡುವುದಿದ್ದರೆ ಬೇರೆ ಯಾವ ಯಂತ್ರಕ್ಕಿಂತ ಮೊದಲು ಇದಕ್ಕೆ ಮಾಡಿ. ಎರಡು ಲೋಟಕ್ಕೆ ಎರಡು ನಿಮಿಷ ತಿರುಗಿಸಬೇಕು. ಕೈ ನೋವಿದ್ದವರಿಗೆ ಕಷ್ಟ. ಮಿಕ್ಸಿಗೆ ಹಾಕಿದ ಹಾಗೆ ಇದಕ್ಕೆ ಅಕ್ಕಿ ಹಾಕಬೇಡಿ. ಹುರಿದ ಕಾಫಿಗಿಂತ ಅಕ್ಕಿ ಗಟ್ಟಿ, ಹಲ್ಲು ಹಾಳಾಗುತ್ತದೆ. ಸಣ್ಣ ಬ್ರಷ್‌ನಲ್ಲಿ ಒರೆಸಿದರೆ ಸಾಕು.

ಹುಬ್ಬಳ್ಳಿಯ ಯಲ್ಲಾಪುರದವ · ಜುಲೈ 6, ರಾತ್ರಿ 9:45

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಹಾಲು ಹಾಕಿ ಕುಡಿಯುವ ಮನೆಗೆ ಮಿಕ್ಸಿ ಮತ್ತು ಜರಡಿ ಸಾಕು. ಗ್ರೈಂಡರ್ ದುಡ್ಡಲ್ಲಿ ವರ್ಷಪೂರ್ತಿ ಒಳ್ಳೆ ಬೀಜ ಬರುತ್ತದೆ. ಹಾಲಿಲ್ಲದೆ ಕುಡಿಯುವವರಿಗೆ ಗ್ರೈಂಡರ್ ವ್ಯತ್ಯಾಸ ಎದ್ದು ಕಾಣುತ್ತದೆ, ಅದು ಸತ್ಯ. ಅಕ್ಕೋರೆ, ನೀವು ಮೊದಲು ಬೀಜ ಬದಲಿಸಿ. ಒಂದು ಕೆಜಿ ಬೇಡ, 250 ಗ್ರಾಂ ತನ್ನಿ. ತಂದ ದಿನವೇ ನಾಲ್ಕು ಸಣ್ಣ ಬಾಟಲಿಗೆ ಹಂಚಿ. ಒಂದು ಮಾತ್ರ ತೆರೆಯಿರಿ. ಉಳಿದದ್ದು ಕತ್ತಲೆಯ ಕಪಾಟಿನಲ್ಲಿ, ಒಲೆಯಿಂದ ದೂರ.

ಫ್ರಿಜ್‌ನಲ್ಲಿ ಇಡಬೇಡಿ. ತೆಗೆದು ಮುಚ್ಚಳ ಬಿಚ್ಚಿದ ಕೂಡಲೇ ನಿಮ್ಮ ಕಾರವಾರದ ಗಾಳಿ ತಣ್ಣನೆ ಬೀಜದ ಮೇಲೆ ಬೆವರಿನ ಹಾಗೆ ಕೂರುತ್ತದೆ. ತಿಂಗಳುಗಟ್ಟಲೆ ಇಡಲೇಬೇಕಾದರೆ ಗಾಳಿ ತೆಗೆದ ಸಣ್ಣ ಚೀಲದಲ್ಲಿ ಫ್ರೀಜರ್‌ನಲ್ಲಿಟ್ಟು, ಹೊರತೆಗೆದ ಮೇಲೆ ಚಳಿ ಪೂರ್ತಿ ಬಿಟ್ಟು ಕೋಣೆಯ ಹದಕ್ಕೆ ಬರುವ ತನಕ ಬಿಚ್ಚದೆ ಇರಬೇಕು.

ಕೋಡಿಬಾಗ ಅಕ್ಕೋರು · ಜುಲೈ 19, ಬೆಳಗ್ಗೆ 7:30

ಚಿಕ್ಕಮಗಳೂರು ಕಡೆಯಿಂದ 250 ಗ್ರಾಂ ತರಿಸಿದೆ. ಅರೇಬಿಕಾ ಮುಕ್ಕಾಲು, ರೋಬಸ್ಟಾ ಕಾಲು. ಹುರಿದ ದಿನ ಬರೆದಿತ್ತು, ಇವತ್ತಿಗೆ ಎಂಟನೇ ದಿನ. ಹಲ್ಲಿಗೆ ಹಾಕಿದರೆ ಕಟಂ ಅಂತ ಮುರಿಯಿತು.

ಪರೀಕ್ಷೆಗೆ ಎರಡು ಗಾಜಿನ ಲೋಟ ಇಟ್ಟುಕೊಂಡೆ. ಒಂದರಲ್ಲಿ ಏಪ್ರಿಲ್ ಬೀಜದ ಪುಡಿ, ಒಂದರಲ್ಲಿ ಹೊಸದು, ಎರಡೂ ಎರಡೆರಡು ಚಮಚ. ಎರಡಕ್ಕೂ ಸ್ವಲ್ಪ ಬಿಸಿನೀರು ಹಾಕಿದೆ. ಹಳೆಯದಕ್ಕೆ ನೀರು ಹೊಯಿಗೆ ಮೇಲೆ ಬಿದ್ದ ಹಾಗೆ ಸುಮ್ನೆ ಇಳಿದು ಹೋಯಿತು. ಹೊಸದು ಮೆಲ್ಲಗೆ ಎದ್ದಿತು. ಹುದುಗಿದ ದೋಸೆ ಹಿಟ್ಟಿನ ಹಾಗೆ ನಡುವೆ ಗುಮ್ಮಟವಾಗಿ, ಸಣ್ಣ ಸಣ್ಣ ಗುಳ್ಳೆ ಒಡೆಯಿತು. ಪರಿಮಳಕ್ಕೆ ನನ್ನ ಅತ್ತೆ ಹೂ ಕಟ್ಟುವುದು ಬಿಟ್ಟು ಒಳಗೆ ಬಂದು ನೋಡಿದರು.

ಡಿಕಾಕ್ಷನ್ ಕೆಂಪಾಗಿಯೇ ಬಂತು. ಈ ಸಲ ಹೆದರಲಿಲ್ಲ. ಚಮಚದಲ್ಲಿ ಬಾಯಿಗೆ ಹಾಕಿದೆ. ಕಹಿ ಇದೆ, ಆದರೆ ಹಿಂದೆಯೇ ಹುರಿದ ಗೋಡಂಬಿಯಂಥ ಒಂದು ಸಿಹಿ. 35 ಮಿಲಿ ಡಿಕಾಕ್ಷನ್‌ಗೆ 100 ಮಿಲಿ ಹಾಲು ಹಾಕಿದೆ. ಅತ್ತೆಗೆ ಮಾತ್ರ ತೆಳು ಅನ್ನಿಸಿತು. ಮರುದಿನಕ್ಕೆ ಅವರ ಪಾಲಿಗೆ ಒಂದು ಚಿಟಿಕೆ ಚಿಕೋರಿ ಸೇರಿಸುತ್ತೇನೆ.

ಉಳಿದ ಪ್ರಶ್ನೆ ಒಂದು. ತೋಟದ ಮನೆ ಅಣ್ಣ, ಮನೆಯಲ್ಲೇ ಹುರಿಯಬಹುದಾ?

ಶಿರಸಿ ತೋಟದ ಮನೆ · ಜುಲೈ 20, ರಾತ್ರಿ 8:50

ಬಹುದು. ನಾವು ಹುರಿಯುವುದು ಮನೆಯಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ, ಇದು ನನಗೆ ತುಂಬ ಇಷ್ಟದ ಕೆಲಸ.

ನಮ್ಮಲ್ಲಿ ಹಣ್ಣು ಕೊಯ್ಯುವುದು ಡಿಸೆಂಬರ್‌ನಿಂದ. ಆಗ ಅಂಗಳದಲ್ಲಿ ಒಂದು ಬದಿ ಚಾಲಿ ಅಡಿಕೆ, ಒಂದು ಬದಿ ಕಾಫಿ ಹಣ್ಣು. ಕೆಂಪಗೆ ಹಣ್ಣಾದದ್ದನ್ನು ಮಾತ್ರ ಬಿಡಿಸಬೇಕು. ಹಸಿರು ಕಾಯಿ ಒಂದು ಹಿಡಿ ಸೇರಿದರೂ ಹುರಿದಾಗ ಆ ಒಗರು ಬೇರೆ ಕಾಣುತ್ತದೆ. ಒಣಗಿದ ಹಣ್ಣನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಸುಮಾರು ಐದು ಕೆಜಿ ಹಣ್ಣಿಗೆ ಒಂದು ಕೆಜಿ ಬೀಜ ಸಿಗುತ್ತದೆ. ಸಿಪ್ಪೆ ಬಿಡಿಸಿದ ಹಸಿ ಬೀಜವನ್ನು ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹುರಿದರೆ ಮಾತ್ರ ಗಡಿಯಾರ ಓಡತೊಡಗುತ್ತದೆ.

ದಪ್ಪ ಕಬ್ಬಿಣದ ಬಾಣಲೆ ಬೇಕು. ಒಮ್ಮೆಗೆ 250 ಗ್ರಾಂ, ಜಾಸ್ತಿ ಬೇಡ. ಮಧ್ಯಮ ಉರಿ. ಮರದ ಸಟ್ಟುಗ ಒಂದು ಕ್ಷಣ ನಿಲ್ಲಬಾರದು. ಮೊದಲು ಹಸಿರು ಹೋಗಿ ಹಳದಿ ಬರುತ್ತದೆ, ಒಣಹುಲ್ಲಿನ ವಾಸನೆ. ಆಮೇಲೆ ದಾಲ್ಚಿನ್ನಿ ಬಣ್ಣ, ಗೋಧಿ ಹುರಿದ ವಾಸನೆ. ಹತ್ತು ನಿಮಿಷದ ಹೊತ್ತಿಗೆ ಜೋಳದ ಅರಳು ಸಿಡಿದ ಹಾಗೆ ಪಟ್ ಪಟ್ ಅಂತ ಬೀಜ ಒಡೆಯುತ್ತದೆ. ಇದು ಮೊದಲ ಸಿಡಿತ. ಉರಿ ಸ್ವಲ್ಪ ಇಳಿಸಿ. ಸಿಡಿತ ನಿಂತ ಮೇಲೆ ಎರಡು ಮೂರು ನಿಮಿಷದಲ್ಲಿ ಇನ್ನೊಂದು ಸದ್ದು ಶುರುವಾಗುತ್ತದೆ. ಅದು ಸಣ್ಣ ಸದ್ದು, ಒಗ್ಗರಣೆಯ ಸಾಸಿವೆ ಥರ ಚಟಪಟ. ಅದು ಕೇಳಿದ ಕೂಡಲೇ ಇಳಿಸಬೇಕು. ಹಾಲಿನ ಕಾಫಿಗೆ ಇದೇ ಹದ. ಇನ್ನೂ ಬಿಟ್ಟರೆ ಎಣ್ಣೆ ಮೇಲೆ ಬಂದು ಕರಿದಾಗುತ್ತದೆ.

ಇಳಿಸಿದ ಮೇಲೂ ಬೀಜ ತನ್ನ ಬಿಸಿಗೇ ಹುರಿಯುತ್ತಿರುತ್ತದೆ. ಬಾಣಲೆಯಲ್ಲೇ ಬಿಡಬೇಡಿ. ಗೆರಸಿಗೆ ಸುರಿದು ಕೇರಿ. ತೆಳು ಹೊಟ್ಟು ಹಾರಿಹೋಗುತ್ತದೆ, ಬೀಜವೂ ತಣಿಯುತ್ತದೆ. ಮುಟ್ಟಿದರೆ ತಂಪಾಗುವ ತನಕ ಕೇರಬೇಕು. 250 ಗ್ರಾಂ ಹಾಕಿದ್ದು 210ರ ಹತ್ತಿರ ಉಳಿಯುತ್ತದೆ. ಆಮೇಲೆ ನಾಲ್ಕು ದಿನ ಬಾಟಲಿಯಲ್ಲಿ ಬಿಡಿ, ಮೊದಲ ದಿನ ಮುಚ್ಚಳ ಪೂರ್ತಿ ಬಿಗಿಯದೆ.

ಹೊಗೆ ತುಂಬ ಬರುತ್ತದೆ. ಕಿಟಕಿ ತೆಗೆದಿಡಿ, ಒಣಹಾಕಿದ ಬಟ್ಟೆ ಒಳಗಿದ್ದರೆ ಬೇರೆ ಕೋಣೆಗೆ ಹಾಕಿ. ಮಳೆಗಾಲದಲ್ಲಿ ಬಟ್ಟೆಯೆಲ್ಲ ಒಳಗೇ ಇರುತ್ತದಲ್ಲ.

ನನ್ನ ಹತ್ತಿರ ಹೋದ ವರ್ಷದ ಹಸಿ ಬೀಜ ಎರಡು ಕೆಜಿ ಇದೆ. ಅರ್ಧ ಕೆಜಿ ಬೇಕಾದರೆ ಕಾರವಾರದ ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಅಂಕೋಲೆ ಹುಡುಗ · ಜುಲೈ 20, ರಾತ್ರಿ 9:30

ಅಣ್ಣ, ಆ ಬಸ್ಸು ಅಂಕೋಲೆಯಲ್ಲೂ ನಿಲ್ಲುತ್ತದೆ. ನನಗೂ ಅರ್ಧ ಕೆಜಿ. ದುಡ್ಡು ಎಷ್ಟು ಹೇಳಿ.

ಕೋಡಿಬಾಗ ಅಕ್ಕೋರು · ಜುಲೈ 21, ಬೆಳಗ್ಗೆ 6:50

ಅಣ್ಣ, ತುಂಬ ಸಂತೋಷ. ಬಸ್ಸಿಗೆ ಹಾಕಬೇಡಿ, ದೇವಿಮನೆ ಘಟ್ಟದ ಮಳೆಯಲ್ಲಿ ಚೀಲ ನೆನೆದರೆ ನಿಮ್ಮ ಒಂದು ವರ್ಷದ ಕೆಲಸ ಹಾಳು. ಚೌತಿಗೆ ತವರಿಗೆ ಬರುತ್ತಿದ್ದೇನೆ. ಆಗ ನಿಮ್ಮಲ್ಲಿಗೇ ಬಂದು ತೆಗೆದುಕೊಳ್ಳುತ್ತೇನೆ, ಆ ಎರಡನೇ ಸಿಡಿತದ ಸದ್ದನ್ನು ನಿಮ್ಮ ಒಲೆಯ ಮುಂದೆ ಕೂತು ಒಮ್ಮೆ ಕೇಳಬೇಕು. ಅಂಕೋಲೆ ತಮ್ಮನ ಪಾಲನ್ನೂ ನಾನೇ ತರುತ್ತೇನೆ. ಗಾಜಿನ ಬಾಟಲಿ ಎರಡು ತೊಳೆದು ಈಗಲೇ ಒಣಗಲು ಇಟ್ಟಿದ್ದೇನೆ.